ಹುಳುಮನೆಯ ಮೀಟರಿಗೆ ಒಳಬೆಳಕಿನ ಕರೆಂಟು: ಆರ್ಗ್ಯಾನಿಕ್ ಸೌರಕೋಶ ಅಳವಡಿಸುವ ಕ್ರಮ

ಮಂಡ್ಯ, ಮಳವಳ್ಳಿ, ತಿ. ನರಸೀಪುರದ ಕಡೆ ರೇಷ್ಮೆ ಸಾಕುವ ಹಲವು ಮನೆಗಳ ಗೋಡೆಯಲ್ಲಿ ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಅಂಗೈಯಗಲದ ಡಿಜಿಟಲ್ ಮೀಟರ್ ಇರುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ, ಶೇ. 85-90 ತೇವಾಂಶ ಬೇಕು. ಹುಳು ದೊಡ್ಡದಾದಂತೆ 24-25 ಡಿಗ್ರಿ, ಶೇ. 70ಕ್ಕೆ ಇಳಿಸಬೇಕು. ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಾಗ ಹಾಸಿಗೆ ಒಣಗಿರಬೇಕು. ಇಷ್ಟೆಲ್ಲ ನಂಬಿಕೆ ಇಟ್ಟುಕೊಂಡಿರುವ ಆ ಮೀಟರು ಓಡುವುದು ಒಂದೆರಡು ಬಟನ್ ಸೆಲ್ ಮೇಲೆ. ಸೆಲ್ ಸೊರಗಿದಾಗ ಅಂಕಿ ಮಸುಕಾಗುತ್ತದೆ, ನಡುರಾತ್ರಿ ಟಾರ್ಚ್ ಹಿಡಿದು ನೋಡಿದರೂ ಓದಲಾಗುವುದಿಲ್ಲ. ಬದಲಿಸಿದ ಹಳೆಯ ಸೆಲ್ ಉಳಿಕೆ ಸೊಪ್ಪಿನ ಜೊತೆ ತಿಪ್ಪೆಗೆ ಹೋಗಿ, ಅಲ್ಲಿಂದ ಗದ್ದೆಗೆ ಸೇರುತ್ತದೆ. ಮನೆಯಲ್ಲಿ ಎಳೆಮಕ್ಕಳಿದ್ದರೆ ಭಯ ಇನ್ನೂ ದೊಡ್ಡದು. ನುಂಗಿದ ಬಟನ್ ಸೆಲ್ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು.

ಆ ಸೆಲ್ ಜಾಗಕ್ಕೆ ಕೋಣೆಯೊಳಗಿನ ಬೆಳಕಲ್ಲೇ ಕರೆಂಟು ಮಾಡುವ ತೆಳು ಹಾಳೆಯನ್ನು ಕೂರಿಸುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೈಸೂರಿನ ಮನೆಯೊಂದರ ಪಡಸಾಲೆಯ ಗಡಿಯಾರಕ್ಕೂ, ಆಫೀಸಿನ ಮೇಜಿನ ಮೇಲಿನ ಸೆನ್ಸರಿಗೂ ಇದೇ ಕ್ರಮ. ಬೆಸುಗೆ ಕಡ್ಡಿ ಹಿಡಿಯಲು ಬಂದರೆ, ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಆದರೆ ಹಾಳೆ ಕೊಳ್ಳಲು ಅವಸರ ಬೇಡ. ಮೊದಲು ಬೆಳಕನ್ನು ಅಳೆಯಿರಿ, ಆಮೇಲೆ ಮೀಟರ್ ಎಷ್ಟು ತಿನ್ನುತ್ತದೆ ಎಂಬುದನ್ನು ಅಳೆಯಿರಿ. ಈ ಎರಡು ಅಂಕಿ ಕೈಲಿಲ್ಲದೆ ಮುಂದೆ ಹೋದವರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಆರ್ಗ್ಯಾನಿಕ್ ಏಕೆ

ಚಾವಣಿ ಮೇಲೆ ಹಾಕುವ ಸಿಲಿಕಾನ್ ಪ್ಯಾನೆಲ್ ಬಿಸಿಲಿಗೆಂದೇ ಹುಟ್ಟಿದ್ದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಧಾರಾಳವಾಗಿರುತ್ತವೆ, ಸಿಲಿಕಾನ್ ಅವುಗಳಲ್ಲಿ ಒಂದು ಪಾಲನ್ನೂ ಬಳಸಿಕೊಳ್ಳುತ್ತದೆ. ಎಲ್‌ಇಡಿ ಮತ್ತು ಟ್ಯೂಬ್‌ಲೈಟ್ ಬೆಳಕಿನಲ್ಲಿ ಇರುವುದು ಹೆಚ್ಚುಕಡಿಮೆ ಕಾಣುವ ಬಣ್ಣಗಳು ಮಾತ್ರ. ಅದಕ್ಕೆ ಹೊಂದುವ ವಸ್ತುವಿನ ಶಕ್ತಿ ಅಂತರ (ಬೆಳಕಿನ ಒಂದು ಕಣ ಅದರಲ್ಲಿ ಕರೆಂಟು ಹುಟ್ಟಿಸಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ ಇರಬೇಕು, ಸಿಲಿಕಾನಿನದು 1.1. ಜೊತೆಗೆ ಮಂದ ಬೆಳಕಿನಲ್ಲಿ ಸಿಲಿಕಾನ್ ಕೋಶದ ಒಳಸೋರಿಕೆಯೇ ಅದು ಹುಟ್ಟಿಸಿದ ಅಲ್ಪ ಕರೆಂಟಿನ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಇಂಗಾಲದ ಅಣುಗಳಿಂದ ಮಾಡಿದ ಆರ್ಗ್ಯಾನಿಕ್ ಕೋಶದಲ್ಲಿ ಈ ಅಂತರವನ್ನು ರಸಾಯನಶಾಸ್ತ್ರಜ್ಞರು ಬೇಕಾದಂತೆ ಹೊಂದಿಸಬಲ್ಲರು. 1986ರಲ್ಲಿ ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಪದರದ ಆರ್ಗ್ಯಾನಿಕ್ ಕೋಶದ ವಿವರ ಪ್ರಕಟಿಸಿದಾಗ ಅದರ ದಕ್ಷತೆ ಶೇ. 1ರ ಸುಮಾರಿಗಿತ್ತು. ಇಂದು ಪ್ರಯೋಗಾಲಯಗಳಲ್ಲಿ, ಒಳಬೆಳಕಿನಲ್ಲಿ ಶೇ. 25ರಿಂದ 30ರವರೆಗೆ ವರದಿಯಾಗಿದೆ. ಅಂಗಡಿ ಮಾಲಿಗೆ ಆ ಅಂಕಿ ಹಿಡಿಯಬೇಡಿ. ಶೇ. 10 ಎಂದಿಟ್ಟುಕೊಂಡು ಲೆಕ್ಕ ಹಾಕಿ, ಹೆಚ್ಚು ಬಂದರೆ ಲಾಭ. ಸ್ವೀಡನ್ನಿನ ಎಪಿಶೈನ್, ಫ್ರಾನ್ಸಿನ ಡ್ರಾಕುಲಾ ಟೆಕ್ನಾಲಜೀಸ್ ಕಂಪನಿಗಳು ಇಂಥ ಹಾಳೆಗಳನ್ನು ಪ್ಲಾಸ್ಟಿಕ್ ಮೇಲೆ ಮುದ್ರಿಸಿ ಮಾಡುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೋಲಾರ್ ಎಂದು ಕೇಳಿದರೆ ಕೈಗಿಡುವುದು ಹೆಚ್ಚಾಗಿ ಸಿಲಿಕಾನ್ ತುಂಡುಗಳನ್ನೇ, ಹಾಗಾಗಿ ಆರ್ಗ್ಯಾನಿಕ್ ಹಾಳೆಯನ್ನು ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಸಿಗದಿದ್ದರೆ ಕ್ಯಾಲ್ಕುಲೇಟರಿನಲ್ಲಿರುವ ಜಾತಿಯ ಅಮಾರ್ಫಸ್ ಸಿಲಿಕಾನ್ ತುಂಡು ಕೂಡ ಒಳಬೆಳಕಿಗೆ ಒಳ್ಳೆಯದೇ. ಮುಂದಿನ ಲೆಕ್ಕವೆಲ್ಲ ಅದಕ್ಕೂ ಹೊಂದುತ್ತದೆ.

ಒಂದನೇ ಹೆಜ್ಜೆ: ಬೆಳಕು ಅಳೆಯುವುದು

ಬೆಳಕನ್ನು ಅಳೆಯುವ ಏಕಮಾನ ಲಕ್ಸ್. ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಚೆನ್ನಾಗಿ ಬೆಳಕಿರುವ ಆಫೀಸಿನ ಮೇಜು 300ರಿಂದ 500. ಒಂದೇ ಟ್ಯೂಬ್‌ಲೈಟಿನ ನಡುಮನೆ ರಾತ್ರಿ ಹೊತ್ತು ಅದಕ್ಕಿಂತ ಸಾಕಷ್ಟು ಕಡಿಮೆ. ನಮ್ಮ ಕಣ್ಣು ಇದರಲ್ಲಿ ಮೋಸ ಹೋಗುತ್ತದೆ, 100 ಲಕ್ಸ್ ಇರುವ ಮೂಲೆಯೂ ಅದಕ್ಕೆ ಬೆಳಕಾಗಿಯೇ ಕಾಣುತ್ತದೆ.

ಮೊಬೈಲಿಗೆ ಲಕ್ಸ್ ಮೀಟರ್ ಆಪ್ ಹಾಕಿಕೊಳ್ಳಿ. ಬಹುಪಾಲು ಫೋನುಗಳಲ್ಲಿ ಬೆಳಕಿನ ಸೆನ್ಸರ್ ಪರದೆಯ ಮೇಲ್ತುದಿಯಲ್ಲಿ, ಮುಂಬದಿ ಕ್ಯಾಮೆರಾದ ಹತ್ತಿರ ಇರುತ್ತದೆ. ಹಾಳೆ ಅಂಟಿಸಬೇಕೆಂದಿರುವ ಜಾಗದಲ್ಲೇ, ಹಾಳೆ ಯಾವ ಕಡೆ ಮುಖ ಮಾಡಬೇಕೋ ಅದೇ ಕಡೆಗೆ ಪರದೆ ತಿರುಗಿಸಿ ಅಳೆಯಿರಿ. ಫೋನಿನ ಅಂಕಿ ಅಂದಾಜಿನದು, ಆದರೆ ಜಾಗದಿಂದ ಜಾಗಕ್ಕೆ ಹೋಲಿಸಿ ನೋಡಲು ಸಾಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಬರೆದಿಟ್ಟುಕೊಳ್ಳಿ. ಆ ಜಾಗದಲ್ಲಿ ದಿನಕ್ಕೆ ಎಷ್ಟು ಗಂಟೆ 300 ಲಕ್ಸಿಗಿಂತ ಮೇಲಿರುತ್ತದೆ ಎಂಬುದು ಗೊತ್ತಾಗಬೇಕು.

ಅಳೆದು ನೋಡಿದವರಿಗೆ ಒಂದು ಸಂಗತಿ ಬೇಗ ಕಾಣುತ್ತದೆ: ಹಗಲಿನ ಕಿಟಕಿ ಎದುರು ನಮ್ಮ ದೀಪಗಳು ಏನೇನೂ ಅಲ್ಲ. ಬಿಸಿಲು ನೇರ ಬೀಳದ ಬಡಗಣ ಕಿಟಕಿಯ ಪಕ್ಕದಲ್ಲಿ 1,000 ಲಕ್ಸ್ ಮೀರುವುದು ಮಾಮೂಲು. ಚಿಕ್ಕ ಬಲ್ಬಾದರೆ ದೂರ ಎರಡರಷ್ಟಾದ ಕೂಡಲೇ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೈಸೂರಿನ ಹಳೆಯ ತೊಟ್ಟಿ ಮನೆಗಳಲ್ಲಿ ತೊಟ್ಟಿಯ ಸುತ್ತಲಿನ ಕಂಬದ ಸಾಲು ಇದಕ್ಕೆ ಹೇಳಿ ಮಾಡಿಸಿದ ಜಾಗ, ಬಿಸಿಲು ತಾಕದೆ ದಿನವಿಡೀ ಬೆಳಕು ಸಿಗುತ್ತದೆ. ಕರೆಂಟು ಹೋಗಿ ಬಂದು ಮಾಡುವ ಹಳ್ಳಿಗಳಲ್ಲಂತೂ ದೀಪ ನೆಚ್ಚಿಕೊಳ್ಳುವುದಕ್ಕಿಂತ ಕಿಟಕಿಯನ್ನು ನೆಚ್ಚಿಕೊಳ್ಳುವುದೇ ಲೇಸು.

ಎರಡನೇ ಹೆಜ್ಜೆ: ಮೀಟರ್ ಎಷ್ಟು ತಿನ್ನುತ್ತದೆ

ಇಂಥ ಮೀಟರುಗಳು ಎಳೆಯುವುದು ಹತ್ತು-ಹದಿನೈದು ಮೈಕ್ರೊಆಂಪ್ ಇರಬಹುದು. ಅಗ್ಗದ ಮಲ್ಟಿಮೀಟರಿನ ಕರೆಂಟ್ ಅಳತೆ ಇಷ್ಟು ಕೆಳಗೆ ನಂಬುವಂತಿರುವುದಿಲ್ಲ. ಅದಕ್ಕೆ ಬೇರೆ ದಾರಿಯಿದೆ. ಸೆಲ್ ತೆಗೆದು, ಸೆಲ್ ಗೂಡಿನ ಎರಡು ತುದಿಗೆ 1,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೋಡಿಸಿ. ಅದನ್ನು ಎರಡು ಪೆನ್ ಟಾರ್ಚ್ ಸೆಲ್ಲಿನಿಂದ 3 ವೋಲ್ಟಿಗೆ ತುಂಬಿಸಿ, ಸೆಲ್ ಕಳಚಿ, ವೋಲ್ಟೇಜ್ ಇಳಿಯುವುದನ್ನು ಗಡಿಯಾರ ಹಿಡಿದು ನೋಡಿ. 30 ಸೆಕೆಂಡಿನಲ್ಲಿ 0.3 ವೋಲ್ಟ್ ಇಳಿದರೆ ಕರೆಂಟ್ 10 ಮೈಕ್ರೊಆಂಪ್. ಸೂತ್ರ ಸರಳ: ಕೆಪಾಸಿಟರಿನ ಬೆಲೆಯನ್ನು ಇಳಿದ ವೋಲ್ಟಿನಿಂದ ಗುಣಿಸಿ, ಹಿಡಿದ ಸೆಕೆಂಡಿನಿಂದ ಭಾಗಿಸಿ. ನಾಲ್ಕಾರು ಸಲ ಮಾಡಿ ಸರಾಸರಿ ತೆಗೆಯಿರಿ, ಏಕೆಂದರೆ ಮೀಟರು ಅಳತೆ ತೆಗೆದುಕೊಳ್ಳುವ ಕ್ಷಣದಲ್ಲಿ ಹೆಚ್ಚು ಎಳೆದು ಉಳಿದ ಹೊತ್ತು ತೂಕಡಿಸುತ್ತಿರುತ್ತದೆ.

ಇದೇ ವೇಳೆಗೆ ಮೀಟರಿಗೆ ಬೇಕಾದ ವೋಲ್ಟೇಜ್ ಕೂಡ ತಿಳಿದುಕೊಳ್ಳಿ. ಎರಡು ಎಲ್‌ಆರ್44 ಸೆಲ್ ಸಾಲಾಗಿ ಕೂರುವುದಾದರೆ 3 ವೋಲ್ಟ್, ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಕೂರುವುದಾದರೆ 1.5. ಹೊಸ ಸೆಲ್ ಹಾಕಿ ಗೂಡಿನ ತುದಿಗಳ ನಡುವೆ ಅಳೆದರೆ ಸಂಶಯ ಉಳಿಯುವುದಿಲ್ಲ. ಕೆಪಾಸಿಟರ್ ಇಳಿಯುತ್ತಾ ಹೋದಾಗ ಎಷ್ಟರಲ್ಲಿ ಅಂಕಿ ಮಸುಕಾಯಿತು ಎಂದೂ ನೋಡಿಕೊಳ್ಳಿ. ಇಲ್ಲಿ 3 ವೋಲ್ಟಿನ, 10 ಮೈಕ್ರೊಆಂಪಿನ, 2.4 ವೋಲ್ಟಿನವರೆಗೆ ಓದಲಾಗುವ ಮೀಟರ್ ಇದೆ ಎಂದುಕೊಳ್ಳೋಣ.

ಮೂರನೇ ಹೆಜ್ಜೆ: ಜಮಾ ಖರ್ಚು

ಮನೆ ನಡೆಸುವವರು ತಿಂಗಳ ಸಂಬಳ ನೋಡಿ ದಿನಸಿ ಬರೆದ ಹಾಗೆಯೇ ಇದು. ಖರ್ಚು: 3 ವೋಲ್ಟ್, 10 ಮೈಕ್ರೊಆಂಪ್ ಅಂದರೆ 30 ಮೈಕ್ರೊವ್ಯಾಟ್. ದಿನಕ್ಕೆ 86,400 ಸೆಕೆಂಡು, ಆದ್ದರಿಂದ 2.6 ಜೌಲ್. ಶಕ್ತಿ ಕೂಡಿಡುವ ಸೂಪರ್ ಕೆಪಾಸಿಟರ್ ತಾನೇ 3 ಮೈಕ್ರೊಆಂಪಿನಷ್ಟು ಸೋರಿದರೂ ಇನ್ನೊಂದು 0.8 ಜೌಲ್ ಹೋಯಿತು. ಒಟ್ಟು 3.4.

ಜಮಾ: ಬಿಳಿ ಎಲ್‌ಇಡಿ ಬೆಳಕು 300 ಲಕ್ಸ್ ಇದ್ದರೆ ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಸುಮಾರು 90 ಮೈಕ್ರೊವ್ಯಾಟ್. ಶೇ. 10 ದಕ್ಷತೆಯಲ್ಲಿ ಕೈಗೆ ಸಿಗುವುದು 9. ಅಗಲ ಉದ್ದ ಎರಡೂ 5 ಸೆಂಟಿಮೀಟರ್ ಇರುವ ಹಾಳೆಯ 25 ಚದರ ಸೆಂಟಿಮೀಟರಿಗೆ ಸುಮಾರು 225 ಮೈಕ್ರೊವ್ಯಾಟ್. ನಡುವೆ ಹಾಕುವ ಡಯೋಡ್ ತನ್ನ ಪಾಲು ಕಿತ್ತುಕೊಂಡು 195 ಬಿಡುತ್ತದೆ. ದಿನಕ್ಕೆ 6 ಗಂಟೆ ಇಂಥ ಬೆಳಕಿದ್ದರೆ 4.2 ಜೌಲ್.

4.2 ಬಂತು, 3.4 ಹೋಯಿತು, ಗೆದ್ದೆವು ಎಂದು ಇಲ್ಲಿಗೇ ನಿಲ್ಲಿಸಬೇಡಿ. ಮುಂಗಾರಿನ ಮೋಡದಲ್ಲಿ ಅದೇ ಜಾಗ 200 ಲಕ್ಸಿಗೆ ಇಳಿದರೆ ಜಮಾ 2.8ಕ್ಕೆ ಬಂದು ನಿಲ್ಲುತ್ತದೆ. ಅಲ್ಲದೆ ಕೆಪಾಸಿಟರ್ ತುಂಬುತ್ತಾ ಬಂದಂತೆ ಹಾಳೆ ತನ್ನ ಉತ್ತಮ ವೋಲ್ಟೇಜಿನಿಂದ ಆಚೆ ಸರಿದು ಕಡಿಮೆ ಕೊಡುತ್ತದೆ. ನನ್ನ ನಿಯಮ ಹೀಗೆ: ಕಾಗದದ ಮೇಲೆ ಜಮಾ ಖರ್ಚಿನ ಎರಡರಷ್ಟಾದರೂ ಇರಬೇಕು. ಈ ಉದಾಹರಣೆಯಲ್ಲಿ ಅಂಥ ಎರಡು ಹಾಳೆ ಬೇಕಾಯಿತು, ಅಥವಾ ಒಂದೇ ಹಾಳೆಯನ್ನು 600 ಲಕ್ಸಿನ ಜಾಗಕ್ಕೆ ಸರಿಸಬೇಕು. ಜಾಗ ಸರಿಸುವುದಕ್ಕೆ ಕಾಸು ಬೇಕಿಲ್ಲ.

ನಾಲ್ಕನೇ ಹೆಜ್ಜೆ: ಸಾಮಾನು

ಹಾಳೆ: ಒಳಬೆಳಕಿನಲ್ಲಿ ಒಂದೊಂದು ಆರ್ಗ್ಯಾನಿಕ್ ಕೋಶ ಏನೂ ಜೋಡಿಸದೆ ಇದ್ದಾಗ 0.6-0.7 ವೋಲ್ಟ್, ಕೆಲಸ ಮಾಡುವಾಗ ಸುಮಾರು 0.5 ವೋಲ್ಟ್ ಕೊಡುತ್ತದೆ. 3 ವೋಲ್ಟಿನ ಮೀಟರಿಗೆ ಸಾಲಾಗಿ 6 ಕೋಶ ಇರುವ ಹಾಳೆ, 1.5 ವೋಲ್ಟಿನದಕ್ಕೆ 3 ಕೋಶದ್ದು. ಬಂದ ಹಾಳೆಯನ್ನು ಕಣ್ಣು ಮುಚ್ಚಿ ನಂಬದೆ ಪರೀಕ್ಷಿಸಿ. ಅದು ಕೂರುವ ಜಾಗದಲ್ಲೇ ಇಟ್ಟು 10, 22, 33, 47, 100 ಕಿಲೋಓಮ್ ರೆಸಿಸ್ಟರುಗಳನ್ನು ಒಂದಾದ ಮೇಲೊಂದು ಅಡ್ಡ ಹಾಕಿ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ರೆಸಿಸ್ಟರಿನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. 33 ಕಿಲೋಓಮಿನಲ್ಲಿ 2.7 ವೋಲ್ಟ್ ಬಂದರೆ 220 ಮೈಕ್ರೊವ್ಯಾಟ್. ಇವುಗಳಲ್ಲಿ ಹೆಚ್ಚಿನದು ಯಾವುದೋ ಅದೇ ನಿಮ್ಮ ಹಾಳೆಯ ನಿಜವಾದ ದುಡಿಮೆ.

ಡಯೋಡ್: ರಾತ್ರಿ ಹೊತ್ತು ಕೂಡಿಟ್ಟ ಕರೆಂಟು ಹಾಳೆಯ ಕಡೆಗೇ ಹಿಂದಕ್ಕೆ ಹರಿಯದಂತೆ ತಡೆಯುವುದು ಇದರ ಕೆಲಸ. ಸೋಲಾರ್ ಕೆಲಸಕ್ಕೆ ಕಡಿಮೆ ವೋಲ್ಟೇಜ್ ಕಳೆಯುವ ಶಾಟ್ಕಿ ಜಾತಿಯ ಡಯೋಡೇ ಹಾಕಬೇಕೆಂದು ಹೇಳುವವರು ಹೆಚ್ಚು. ದೊಡ್ಡ ಪ್ಯಾನೆಲಿಗೆ ಅದು ಸರಿ. ನಮ್ಮ ಮೈಕ್ರೊಆಂಪಿನ ಲೋಕದಲ್ಲಿ 1ಎನ್5819ರಂಥ ಶಾಟ್ಕಿಯ ಹಿಮ್ಮುಖ ಸೋರಿಕೆ ಮೀಟರಿನ ಖರ್ಚಿಗೇ ಸಮನಾಗಬಹುದು. ಎಲ್ಲ ಅಂಗಡಿಯಲ್ಲೂ ಸಿಗುವ, ಒಂದೆರಡು ರೂಪಾಯಿಯ 1ಎನ್4148 ಹಾಕಿ. ಇಷ್ಟು ಸಣ್ಣ ಕರೆಂಟಿನಲ್ಲಿ ಅದು ಕಳೆಯುವುದು ಸುಮಾರು 0.4 ವೋಲ್ಟ್, ಸೋರುವುದು ಲೆಕ್ಕಕ್ಕೇ ಇಲ್ಲದಷ್ಟು.

ಉಗ್ರಾಣ: 5.5 ವೋಲ್ಟ್, 1.5 ಫ್ಯಾರಡ್ ನಾಣ್ಯಾಕಾರದ ಸೂಪರ್ ಕೆಪಾಸಿಟರ್. 3.3 ವೋಲ್ಟಿನಿಂದ 2.4ಕ್ಕೆ ಇಳಿಯುವಷ್ಟರಲ್ಲಿ ಅದು ಸುಮಾರು 3.8 ಜೌಲ್ ಕೊಡುತ್ತದೆ. ಬೆಳಕಿಲ್ಲದ 18 ಗಂಟೆಗೆ ನಮಗೆ ಬೇಕಾಗುವುದು 2.5. ಇನ್ನೂ ದೊಡ್ಡದು ಹಾಕಿದರೆ ಸೋರಿಕೆಯೂ ದೊಡ್ಡದಾಗುತ್ತದೆ, ಆದ್ದರಿಂದ ಆಸೆ ಬೇಡ. ಮೀಟರಿನ ಜೊತೆ ಬಂದ ಎಲ್‌ಆರ್44, ಸಿಆರ್2032 ಸೆಲ್ಲುಗಳನ್ನು ಯಾವ ಕಾರಣಕ್ಕೂ ಚಾರ್ಜ್ ಮಾಡಲು ಹೋಗಬಾರದು. ಅವು ಉಬ್ಬಿ ಸೋರುತ್ತವೆ, ಸಿಡಿಯಲೂಬಹುದು.

ಐದನೇ ಹೆಜ್ಜೆ: ಜೋಡಣೆ

ಹಾಳೆಯ ಪ್ಲಸ್ ತುದಿ ಡಯೋಡಿನ ಗೆರೆಯಿಲ್ಲದ ಕಡೆಗೆ. ಗೆರೆಯಿರುವ ಕಡೆ ಕೆಪಾಸಿಟರಿನ ಪ್ಲಸ್‌ಗೆ, ಅಲ್ಲಿಂದ ಮೀಟರಿನ ಸೆಲ್ ಗೂಡಿನ ಪ್ಲಸ್‌ಗೆ. ಮೈನಸ್‌ಗಳೆಲ್ಲ ಒಂದಕ್ಕೊಂದು. ಎರಡು ಹಾಳೆಯಿದ್ದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ. ವಿನ್ಯಾಸ ಇಷ್ಟೇ.

ಬೆಸುಗೆ ಹಾಕುವಾಗ ಜೋಪಾನ. ಹಾಳೆ ಪ್ಲಾಸ್ಟಿಕ್ಕಿನದು, ಕಡ್ಡಿಯ ಬಿಸಿ ತಾಕಿದರೆ ಸುಕ್ಕಾಗುತ್ತದೆ. ತಯಾರಕರು ಬಿಟ್ಟಿರುವ ಲೋಹದ ಪಟ್ಟಿಯ ಮೇಲೆ ಮಾತ್ರ, ಒಂದೆರಡು ಸೆಕೆಂಡಿನಲ್ಲಿ ಮುಗಿಸಿ. ಕೈ ನಡುಗುವವರು ಕರೆಂಟ್ ಹಾಯಿಸುವ ತಾಮ್ರದ ಅಂಟುಪಟ್ಟಿ ಬಳಸಬಹುದು. ಅಂಚನ್ನು ಕತ್ತರಿಸಬೇಡಿ, ಮೊಳೆ ಹೊಡೆಯಬೇಡಿ, ಮಡಚಬೇಡಿ. ಗಾಳಿಯ ಆಮ್ಲಜನಕ ಮತ್ತು ತೇವ ಒಳಗಿನ ಪದರಗಳನ್ನು ಕೊಲ್ಲುತ್ತವೆ, ಅಂಚಿನ ಮುಚ್ಚುಗೆಯೇ ಅದರ ಪ್ರಾಣ. ನೇರ ಬಿಸಿಲಿನ ನೇರಳಾತೀತ ಕಿರಣವೂ ಅದಕ್ಕೆ ಹಗೆ.

ಮೀಟರಿಗೆ ತಂತಿ ಸೇರಿಸುವ ಮೊದಲು ಒಂದು ಪರೀಕ್ಷೆ ಇದೆ. ಆ ಜಾಗದಲ್ಲಿ ಅತಿ ಹೆಚ್ಚು ಬೆಳಕಿರುವ ಹೊತ್ತಿಗೆ ಬರಿ ಹಾಳೆಯ ವೋಲ್ಟೇಜ್ ಅಳೆದು 0.4 ಕಳೆಯಿರಿ. ಉಳಿದದ್ದು 3.5 ದಾಟಿದರೆ ಮೀಟರಿಗೆ ಅಪಾಯ, ಇನ್ನೊಂದು 1ಎನ್4148 ಸಾಲಾಗಿ ಹಾಕಿ ತಗ್ಗಿಸಿ. ವೋಲ್ಟೇಜ್ ಒಂದು ಮಿತಿ ದಾಟದಂತೆ ತಡೆಯುವ ಝೀನರ್ ಡಯೋಡ್ ಹಾಕೋಣ ಎನಿಸಬಹುದು. ಕಡಿಮೆ ವೋಲ್ಟೇಜಿನ ಝೀನರ್ ತನ್ನ ಗುರುತಿನ ವೋಲ್ಟಿಗೆ ಮುಟ್ಟುವ ಮೊದಲೇ ಸೋರಲು ಶುರುಮಾಡಿ ನಮ್ಮ ಸಂಪಾದನೆಯನ್ನೆಲ್ಲ ಕುಡಿದುಬಿಡುತ್ತದೆ, ಅದು ಇಲ್ಲಿಗೆ ಬೇಡ.

ಖಾಲಿ ಸೂಪರ್ ಕೆಪಾಸಿಟರನ್ನು ಹಾಳೆಯಿಂದಲೇ ತುಂಬಲು ಬಿಟ್ಟರೆ ಮೊದಲ ಅಂಕಿ ಕಾಣಲು ದಿನಗಟ್ಟಲೆ ಕಾಯಬೇಕು. ಎರಡು ಪೆನ್ ಟಾರ್ಚ್ ಸೆಲ್ ಸಾಲಾಗಿಟ್ಟು, 100 ಓಮ್ ರೆಸಿಸ್ಟರ್ ಮೂಲಕ ಜೋಡಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಿ. ಇದರಿಂದ ಇನ್ನೂ ಒಂದು ಉಪಕಾರವಿದೆ. ಹೊಸದಾಗಿ ತುಂಬಿದ ಸೂಪರ್ ಕೆಪಾಸಿಟರ್ ಮೊದಮೊದಲು ಹೆಚ್ಚು ಸೋರುತ್ತದೆ, ವೋಲ್ಟೇಜಿನಲ್ಲಿ ಹಿಡಿದಿಟ್ಟಷ್ಟು ಹೊತ್ತೂ ಸೋರಿಕೆ ಇಳಿಯುತ್ತಾ ಹೋಗುತ್ತದೆ.

ಆರನೇ ಹೆಜ್ಜೆ: ಹುಳುಮನೆಯಲ್ಲಿ ಕೂರಿಸುವುದು

ರೇಷ್ಮೆ ಹುಳು ಮಬ್ಬು ಬೆಳಕಿನ ಜೀವ, 15-30 ಲಕ್ಸ್ ಅದಕ್ಕೆ ಹಿತ. ಅಷ್ಟು ಬೆಳಕಿನಲ್ಲಿ ನಮ್ಮ ಹಾಳೆ ಹತ್ತಿಪ್ಪತ್ತು ಮೈಕ್ರೊವ್ಯಾಟ್ ಕೊಟ್ಟರೆ ಹೆಚ್ಚು, ಮೀಟರ್ ಓಡದು. ಹಾಳೆಗಾಗಿ ಹುಳುವಿನ ಮೇಲೆ ದೀಪ ಹೆಚ್ಚಿಸುವುದು ಸಲ್ಲದು. ಮೀಟರ್ ರ‍್ಯಾಕಿನ ಪಕ್ಕದಲ್ಲೇ, ಹುಳುವಿನ ಎತ್ತರದಲ್ಲೇ ಇರಲಿ. ಹಾಳೆಯನ್ನು ಮಾತ್ರ ಕಿಟಕಿ ಬದಿಗೋ ಜಗುಲಿಯ ಒಳಗೋಡೆಗೋ ಒಯ್ದು, ಅಲ್ಲಿಂದ ತೆಳು ಟೆಲಿಫೋನ್ ತಂತಿ ಎಳೆಯಿರಿ. ಕರೆಂಟ್ ಇಷ್ಟು ಸಣ್ಣದಿರುವಾಗ ಮೂರ‍್ನಾಲ್ಕು ಮೀಟರ್ ತಂತಿಯಲ್ಲಿ ನಷ್ಟವೆಂಬುದೇ ಇಲ್ಲ. ಡಯೋಡ್ ಮತ್ತು ಕೆಪಾಸಿಟರ್ ಮೀಟರಿನ ಹತ್ತಿರ ಚಿಕ್ಕ ಡಬ್ಬಿಯಲ್ಲಿರಲಿ. ಚಾಕಿ ಕೋಣೆಯ ಶೇ. 90 ತೇವದಲ್ಲಿ ಬೆಸುಗೆಯ ಮೇಲೆ ಕೊಳೆ ಕೂತರೆ ಅಲ್ಲೇ ಸೋರಿಕೆಯ ದಾರಿಯಾಗುತ್ತದೆ, ಆದ್ದರಿಂದ ಬೆಸುಗೆ ಒರೆಸಿ ಒಣಗಿಸಿ, ಉಗುರು ಬಣ್ಣವನ್ನಾದರೂ ತೆಳುವಾಗಿ ಬಳಿಯಿರಿ.

ಬೆಳೆ ಮುಗಿದು ಬ್ಲೀಚಿಂಗ್ ಪೌಡರ್ ಅಥವಾ ಫಾರ್ಮಲಿನ್ ಹೊಡೆಯುವ ಮೊದಲು ಎಲ್ಲವನ್ನೂ ಬಿಚ್ಚಿ ಹೊರಗಿಡಿ. ಕ್ಲೋರಿನ್ ತಾಮ್ರವನ್ನು ತಿನ್ನುತ್ತದೆ, ತೇವಾಂಶದ ಸೆನ್ಸರನ್ನೂ ಹಾಳುಮಾಡುತ್ತದೆ. ಬಿಚ್ಚಿ ಹಾಕಲು ಅನುಕೂಲವಾಗಲೆಂದು ನಡುವೆ ಒಂದು ಸಣ್ಣ ಪ್ಲಗ್ ಕೊಟ್ಟುಕೊಳ್ಳಿ. ಮನೆಯೊಳಗೆ ದೇವರ ಕೋಣೆಯ ಹತ್ತಿರ ಅಂಟಿಸಿದವರು ಅಗರಬತ್ತಿ ಮತ್ತು ದೀಪದ ಮಸಿಯನ್ನು ಆಗಾಗ ಒದ್ದೆ ಮೆದುಬಟ್ಟೆಯಲ್ಲಿ ಒರೆಸಬೇಕು. ಸ್ಪಿರಿಟ್ ಬೇಡ.

ಪ್ರೋಗ್ರಾಮ್ ಬರೆಯಬಲ್ಲವರಿಗೆ

ಮೊಬೈಲಿಗೆ ಅಂಕಿ ಕಳಿಸುವ ಸೆನ್ಸರ್ ಮಾಡಬೇಕೆಂದಿದ್ದರೆ ಬ್ಲೂಟೂತ್ ಲೋ ಎನರ್ಜಿ ದಾರಿ ಹಿಡಿಯಿರಿ. ಎನ್‌ಆರ್‌ಎಫ್52 ಜಾತಿಯ ಚಿಪ್ ನಿಮಿಷಕ್ಕೊಮ್ಮೆ ಎದ್ದು ಅಂಕಿ ಸಾರಿ ಮತ್ತೆ ಮಲಗಿದರೆ ಮೇಲಿನ ಲೆಕ್ಕದೊಳಗೇ ತೂಗಿಸಬಹುದು. ಕಾಲೇಜು ಪ್ರಾಜೆಕ್ಟುಗಳಲ್ಲಿ ಎಲ್ಲರೂ ಕೈಹಾಕುವ ಇಎಸ್‌ಪಿ32 ಮತ್ತು ವೈಫೈ ಇಲ್ಲಿಗೆ ಆಗುವುದಿಲ್ಲ. ಒಮ್ಮೆ ವೈಫೈ ಸೇರಿಕೊಳ್ಳಲು ಅದು ನುಂಗುವ ಶಕ್ತಿಯಲ್ಲಿ ನಮ್ಮ ಮೀಟರ್ ಹಲವು ಗಂಟೆ ಓಡುತ್ತದೆ. ರೇಡಿಯೊ ಎದ್ದಾಗ ಒಮ್ಮೆಲೇ ಕೆಲವು ಮಿಲಿಆಂಪ್ ಕೇಳುತ್ತದೆ, ನಾಣ್ಯಾಕಾರದ ಸೂಪರ್ ಕೆಪಾಸಿಟರ್ ಅಷ್ಟು ಬೇಗ ಕೊಡಲಾರದು. ಅದರ ಪಕ್ಕಕ್ಕೆ 100 ಮೈಕ್ರೊಫ್ಯಾರಡಿನ ಸಾದಾ ಕೆಪಾಸಿಟರ್ ಒಂದನ್ನು ಸೇರಿಸಿ.

ಡಯೋಡಿನ ಜಾಗಕ್ಕೆ ಶಕ್ತಿ ಕೊಯ್ಲಿನ ಚಿಪ್ ಹಾಕಿದರೆ ಹಾಳೆ ಸದಾ ತನ್ನ ಉತ್ತಮ ವೋಲ್ಟೇಜಿನಲ್ಲೇ ದುಡಿಯುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯು25570 ಖಾಲಿ ಸ್ಥಿತಿಯಿಂದ ಏಳಲು ಸುಮಾರು 0.6 ವೋಲ್ಟ್, 15 ಮೈಕ್ರೊವ್ಯಾಟ್ ಕೇಳುತ್ತದೆ. ಇ-ಪೀಸ್ ಕಂಪನಿಯ ಎಇಎಂ10941ಗೆ 0.38 ವೋಲ್ಟ್, 3 ಮೈಕ್ರೊವ್ಯಾಟ್ ಸಾಕು. ಮಂದ ಬೆಳಕಿನ ಮನೆಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಒಂದೇ ಮೀಟರ್ ಓಡಿಸುವವರಿಗೆ ಇವೆರಡೂ ಅನಗತ್ಯ ಖರ್ಚು.

ಮೊದಲ ವಾರ

ಕೂರಿಸಿದ ಮೇಲೆ ದಿನವೂ ಎರಡು ಸಲ, ಬೆಳಗಾಗುವ ಮುಂಚೆ ಮತ್ತು ದೀಪ ಹಚ್ಚುವ ಹೊತ್ತಿಗೆ, ಕೆಪಾಸಿಟರಿನ ವೋಲ್ಟೇಜ್ ಅಳೆದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಸಂಜೆಯ ಅಂಕಿ ದಿನದಿನಕ್ಕೆ ಒಂದೇ ಮಟ್ಟದಲ್ಲಿದ್ದರೆ ಜಮಾ ಖರ್ಚು ಸರಿಯಾಗಿದೆ. ಸಂಜೆ 3.2 ಇದ್ದದ್ದು ಮುಂಜಾನೆಗೆ 2.5ಕ್ಕಿಂತ ಕೆಳಗಿಳಿದರೆ ಸೋರಿಕೆ ಹೆಚ್ಚಿದೆ, ಕೆಪಾಸಿಟರ್ ಬದಲಿಸಿ. ಎರಡೂ ಅಂಕಿ ಜೊತೆಜೊತೆಯಾಗಿ ಪ್ರತಿದಿನ ಇಳಿಯುತ್ತಿದ್ದರೆ ಬೆಳಕು ಸಾಲದು. ಹಾಳೆಯನ್ನು ಕಿಟಕಿಗೆ ಒಂದು ಮೊಳ ಹತ್ತಿರ ಸರಿಸಿ ಮೂರು ದಿನ ನೋಡಿ, ಆಗಲೂ ಏರದಿದ್ದರೆ ಮತ್ತೊಂದು ಹಾಳೆ ಸೇರಿಸಿ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ನೆಮ್ಮದಿ ಪಟ್ಟವರು ಆಷಾಢದ ಮೋಡ ಕವಿದ ವಾರದಲ್ಲಿ ಇನ್ನೊಮ್ಮೆ ಮಾಡಬೇಕು. ಆವರೆಗೆ ಹಳೆಯ ಗಾಜಿನ ಥರ್ಮಾಮೀಟರನ್ನು ಗೋಡೆಯಿಂದ ಇಳಿಸಬೇಡಿ.